ರಟ್ಟಿನ ಮನೆಗೆ ಒಕ್ಕಲು ಯಾರು?

ಹೋದ ದೀಪಾವಳಿಗೆ ಪುಣೆಯಿಂದ ಊರಿಗೆ ಬಂದ ನನ್ನ ಅಣ್ಣನ ಮಗ, ಬಟ್ಟೆಯ ಚೀಲದ ಸಂಗಡ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನೂ ತಂದಿದ್ದ. ಬಸ್ಸಿನಲ್ಲಿ ಅದನ್ನು ಕೆಳಗೆ ಇಡದೆ ತೊಡೆಯ ಮೇಲೆ ಇಟ್ಟುಕೊಂಡೇ ಬಂದನಂತೆ. ಫರಾಳದ ಡಬ್ಬಿ ಇರಬೇಕು ಅಂತ ವೈನಿ ಮುಚ್ಚಳ ತೆಗೆದು ನೋಡಿದರೆ ಒಳಗೆ ಒಂದು ಊರು! ಹನ್ನೆರಡು ಮನೆ, ಒಂದು ಚರ್ಚು, ಒಂದು ಗಾಳಿಗಿರಣಿ, ನಾಲ್ಕಾರು ಮುರಿದ ಗೋಡೆ. ಎಲ್ಲಾ ರಟ್ಟಿನವು. ನಮ್ಮ ಗಡಿ ಮಾತಿನಲ್ಲಿ ಹೇಳಬೇಕಂದ್ರ ಪುಠ್ಠಾದವು.

ಮರುದಿನ ವಾಚನಾಲಯದ ಉದ್ದನೆಯ ಮೇಜಿನ ಮೇಲಿದ್ದ ಪೇಪರುಗಳನ್ನು ಸರಿಸಿ ಅವನು ಆ ಊರನ್ನು ಹೂಡಿದ. ಓಣಿಗಳ ನಡುವೆ ಇಂಚು ಎತ್ತರದ ಸೈನಿಕರನ್ನು ನಿಲ್ಲಿಸಿದ. ಅಳತೆಯ ಟೇಪು, ನಾಲ್ಕು ದಾಳ, ಒಂದು ನಿಯಮದ ಪುಸ್ತಕ. ಪುಣೆಯಲ್ಲಿ ರವಿವಾರಕ್ಕೊಮ್ಮೆ ನಾಲ್ಕೈದು ಗೆಳೆಯರು ಕೂಡಿ ಹೀಗೆ ಯುದ್ಧದ ಆಟ ಆಡುತ್ತಾರಂತೆ. ಸಾಲಿ ಹುಡುಗರು ಮೇಜಿನ ಸುತ್ತ ಮುಕುರಿದರು. ನಾನೂ ನಿಂತೆ, ಒಂದು ತಾಸು ಕಳೆದದ್ದು ಗೊತ್ತಾಗಲಿಲ್ಲ.

ವಾಚನಾಲಯದ ಕಾರ್ಯದರ್ಶಿಗಳು ಅಂದರು, "ಗುರುಗಳ, ಪ್ರತಿ ಸಲ ಕಾದಂಬರಿ ಮ್ಯಾಲೇ ಬರೀತೀರಿ. ಈ ಸಲ ನಮ್ಮ ಪುಸ್ತಕಕ್ಕ ಇದರ ಮ್ಯಾಲ ಒಂದು ವಿಮರ್ಶಾ ಬರೀರಲ್ಲ."

"ಆಟದ ಸಾಮಾನಿನ ಮ್ಯಾಲ ಏನಂತ ವಿಮರ್ಶಾ ಬರೀಲಿ?" ಅಂದೆ.

ಆಮೇಲೆ ಯೋಚಿಸಿದೆ. ಕೈಯಿಂದ ಮಾಡಿದ ವಸ್ತು ಇದು. ಮಾಡುವವನು ಹೆಜ್ಜೆಹೆಜ್ಜೆಗೆ ಆಯ್ಕೆ ಮಾಡಿದ್ದಾನೆ. ಒಂದನ್ನು ಇಟ್ಟಿದ್ದಾನೆ, ಇನ್ನೊಂದನ್ನು ಬಿಟ್ಟಿದ್ದಾನೆ. ಇಟ್ಟದ್ದೇನು, ಬಿಟ್ಟದ್ದೇನು ಅಂತ ಕೇಳುವುದೇ ವಿಮರ್ಶೆ ಅಲ್ಲೇನು? ಕಥೆಗೆ ಕೇಳುವ ಪ್ರಶ್ನೆಯನ್ನು ರಟ್ಟಿನ ಮನೆಗೂ ಕೇಳಬಹುದು. ಹಾಗಾಗಿ ಈ ಲೇಖನ.

ಮೊದಲು ಇದರ ಕುಲಮೂಲ ಹೇಳುತ್ತೇನೆ. ಮೇಜಿನ ಮೇಲೆ ಯುದ್ಧ ಹೂಡುವುದು ಮಕ್ಕಳಿಂದ ಶುರುವಾದದ್ದಲ್ಲ. ಪ್ರಶ್ಯಾ ದೇಶದ ರೈಸ್‌ವಿಟ್ಸ್ ಎಂಬವನು 1812ರಲ್ಲಿ ಅಲ್ಲಿಯ ರಾಜನಿಗೆ ಇಂಥ ಒಂದು ಆಟದ ಮೇಜು ಮಾಡಿಕೊಟ್ಟ. ಅವನ ಮಗ 1824ರಲ್ಲಿ ಅದರ ನಿಯಮಗಳನ್ನು ತಿದ್ದಿ ಅಚ್ಚು ಹಾಕಿಸಿದ. ಸೈನ್ಯದ ಅಧಿಕಾರಿಗಳಿಗೆ ಪಾಠ ಕಲಿಸಲು ಅದು ಬಳಕೆಯಾಯಿತು. ಕಾಗದದ ಮನೆಗಳ ವಂಶ ಬೇರೆ. ಫ್ರಾನ್ಸಿನ ಎಪಿನಾಲ್ ಎಂಬ ಊರಲ್ಲಿ ಪೆಲೆರಿನ್ ಎಂಬವನು 1796ರಲ್ಲಿ ಚಿತ್ರ ಅಚ್ಚು ಹಾಕುವ ಕಾರಖಾನೆ ತೆರೆದ. ಮುಂದೆ ಆ ಊರಿನಿಂದ ಕತ್ತರಿಸಿ ನಿಲ್ಲಿಸುವ ಕಾಗದದ ಸೈನಿಕರು, ಮಡಿಸಿ ಅಂಟಿಸುವ ಕಾಗದದ ಮನೆಗಳು ಹಾಳೆ ಹಾಳೆಯಾಗಿ ಮಾರಾಟವಾದವು. ತವರದ ಸೈನಿಕರನ್ನು ಕೊಳ್ಳಲಾರದ ಮನೆಯ ಮಕ್ಕಳಿಗೂ ಒಂದು ದಂಡು, ಒಂದು ಕೋಟೆ ಸಿಕ್ಕಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಮೈಕ್ರೋಮಾಡೆಲ್ಸ್ ಎಂಬ ಹೆಸರಿನಲ್ಲಿ ಪೋಸ್ಟ್ ಕಾರ್ಡಿನಷ್ಟು ಸಣ್ಣ ಹಾಳೆಗಳಲ್ಲಿ ಕಟ್ಟಡಗಳು ಬಂದವು. ಪೋಲೆಂಡಿನಲ್ಲಿ 1957ರಿಂದ ರಟ್ಟಿನ ಮಾದರಿಗಳಿಗಾಗಿಯೇ ಒಂದು ಮಾಸಪತ್ರಿಕೆ ಹೊರಡುತ್ತಿತ್ತು. ಅಂದ್ರ ಇದು ಹುಟ್ಟಿನಿಂದಲೂ ಕೈಬಿಗಿ ಇದ್ದವರ ಕಲೆ. ಕತ್ತರಿ, ಅಂಟು, ಸಮಾಧಾನ ಈ ಮೂರು ಇದ್ದರೆ ಸಾಕು.

ಈ ಎರಡೂ ವಂಶಗಳು ಕೂಡಿದ್ದು ನಮ್ಮ ಹುಡುಗನ ಮೇಜಿನ ಮೇಲೆ. ಇಂಗ್ಲೆಂಡಿನಲ್ಲಿ ಸೂಪರ್‌ಕ್ವಿಕ್, ಮೆಟ್‌ಕಾಫ್ ಎಂಬ ಕಂಪನಿಗಳು ಆಟದ ರೈಲಿನ ಪಕ್ಕ ಇಡಲಿಕ್ಕೆ ರಟ್ಟಿನ ಮನೆಗಳನ್ನು ಮಾಡಿದವು. ಯುದ್ಧದ ಆಟದವರು ಅವನ್ನು ಎತ್ತಿಕೊಂಡು ತಮ್ಮ ಸೈನಿಕರ ನಡುವೆ ಇಟ್ಟರು. 1980ರ ದಶಕದಲ್ಲಿ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ ತನ್ನ ಆಟಗಳಿಗೆಂದೇ ರಟ್ಟಿನ ಕಟ್ಟಡದ ಹಾಳೆಗಳನ್ನು ಅಚ್ಚು ಹಾಕಿತು. ಈಗಂತೂ ಕಂಪ್ಯೂಟರಿನಿಂದ ಹಾಳೆ ಇಳಿಸಿಕೊಂಡು, ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದಕ್ಕೆ ಬಣ್ಣದ ಪ್ರಿಂಟು ತೆಗೆಸಿದರೆ ಮುಗಿಯಿತು.

ಮುಗಿಯಿತು ಅಂದೆ, ಆದರೆ ಕೆಲಸ ಅಲ್ಲಿಂದಲೇ ಶುರು. ಪ್ರಿಂಟಾದ ಹಾಳೆ ಎಲ್ಲರಿಗೂ ಒಂದೇ. ಅದನ್ನು ಮನೆ ಮಾಡುವ ಕೈ ಬೇರೆ ಬೇರೆ. ನಮ್ಮ ಹುಡುಗನ ಹನ್ನೆರಡು ಮನೆಗಳನ್ನು ನಾನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದೆ. ಮೊದಲನೆಯ ವರ್ಷದವು ಯಾವುವು, ಈ ವರ್ಷದವು ಯಾವುವು ಅಂತ ಅವನು ಹೇಳುವ ಮೊದಲೇ ಗೊತ್ತಾದವು.

ಮೊದಲ ಮನೆಗಳ ಮೂಲೆಗಳಲ್ಲಿ ಬಿಳಿ ಗೆರೆ. ಕಾಗದ ಮಡಿಸಿದಲ್ಲಿ ಅಚ್ಚಿನ ಬಣ್ಣ ಬಿರಿದು ಒಳಗಿನ ಬಿಳುಪು ಹೊರಬಿದ್ದಿದೆ. ಕಲ್ಲಿನ ಗೋಡೆಯ ಮೂಲೆಯಲ್ಲಿ ಬಿಳಿ ದಾರ ಅಂಟಿಸಿದ ಹಾಗೆ. ಆಮೇಲಿನ ಮನೆಗಳಲ್ಲಿ ಮಡಿಸುವ ಮೊದಲು ಶಾಯಿ ತೀರಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿದ್ದಾನೆ. ಮಡಿಸಿದ ಮೇಲೆ ಆ ಗೆರೆಗೂ ಕತ್ತರಿಸಿದ ಅಂಚಿಗೂ ಬೂದು ಬಣ್ಣ ಸವರಿದ್ದಾನೆ. ಮೂಲೆ ಮಾಯವಾಗಿ ಗೋಡೆ ಹುಟ್ಟಿದೆ. ಮೊದಲ ಛಾವಣಿಗಳು ಹಪ್ಪಳದ ಹಾಗೆ ಬಾಗಿವೆ. ನೀರಿನಂಶ ಹೆಚ್ಚಿದ್ದ ಅಂಟನ್ನು ದಂಡಿಯಾಗಿ ಬಳಿದದ್ದರ ಫಲ ಅದು. ಕಾಗದಕ್ಕೂ ಕಟ್ಟಿಗೆಯ ಹಾಗೆ ನಾರಿನ ದಿಕ್ಕು ಇರುತ್ತದೆ. ಆ ದಿಕ್ಕಿಗೆ ಮಡಿಸಿದರೆ ಸಲೀಸು, ಅಡ್ಡ ಮಡಿಸಿದರೆ ಹಟ ಮಾಡುತ್ತದೆ. ಆಮೇಲಿನ ಛಾವಣಿಗಳ ಕೆಳಗೆ ಬಿಸ್ಕಿಟು ಡಬ್ಬಿಯ ರಟ್ಟಿನಿಂದ ಅಡ್ಡತೊಲೆ ಕೊಟ್ಟಿದ್ದಾನೆ. ಈಗ ಮೇಲೆ ಬೆರಳಿಟ್ಟು ಒತ್ತಿದರೂ ಕುಸಿಯುವುದಿಲ್ಲ.

ಇನ್ನು ಬದಲಾವಣೆಯ ಕೆಲಸ. ಎರಡು ಮನೆಯ ಹಾಳೆ ಕೂಡಿಸಿ ಮೂಲೆ ತಿರುಗಿದ ಒಂದು ದೊಡ್ಡ ಮನೆ ಮಾಡಿದ್ದಾನೆ. ಅಚ್ಚಿನ ಕಿಡಕಿಯನ್ನು ಕತ್ತರಿಸಿ ತೆಗೆದು, ಅದೇ ಕಿಡಕಿಯ ಇನ್ನೊಂದು ಪ್ರಿಂಟನ್ನು ಒಳಗಿನಿಂದ ಅಂಟಿಸಿದ್ದಾನೆ. ಆಗ ಕಿಡಕಿ ಗೋಡೆಯಿಂದ ಒಂದು ಕೂದಲೆಳೆ ಒಳಗೆ ಹೋಗಿ ನಿಜವಾದ ನೆರಳು ಬೀಳುತ್ತದೆ. ಹೆಂಚುಗಳನ್ನು ರಟ್ಟಿನ ಪಟ್ಟಿಗಳಲ್ಲಿ ಸಾಲುಸಾಲಾಗಿ ಕತ್ತರಿಸಿ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಹೊದಿಸಿದ್ದಾನೆ. ಹೆಂಚು ಹೊದಿಸುವ ನಮ್ಮ ಗೌಂಡಿಯೂ ಹಾಗೇ ಮಾಡುತ್ತಾನೆ.

ಇಲ್ಲಿ ನನ್ನದೊಂದು ತಕರಾರು. ಅಚ್ಚಿನ ಹಾಳೆಯಲ್ಲಿ ಚಿತ್ರಕಾರ ಮೊದಲೇ ನೆರಳು ಬಿಡಿಸಿರುತ್ತಾನೆ. ಸೂರಿನ ಕೆಳಗೆ, ಬಾಗಿಲ ಬಲಕ್ಕೆ. ಅಂದ್ರ ಅವನ ಸೂರ್ಯ ಎಡಕ್ಕೆ ಇದ್ದಾನೆ. ಮನೆಯನ್ನು ಮೇಜಿನ ಮೇಲೆ ತಿರುಗಿಸಿ ಇಟ್ಟರೆ ಒಂದೊಂದು ಮನೆಗೆ ಒಂದೊಂದು ಸೂರ್ಯ ಆದಂತಾಯಿತು. ಹನ್ನೆರಡು ಮನೆಯ ಊರಿಗೆ ಹನ್ನೆರಡು ಸೂರ್ಯ, ಜೊತೆಗೆ ವಾಚನಾಲಯದ ಟ್ಯೂಬ್‌ಲೈಟು! ಒಳ್ಳೆಯ ಕೆಲಸಗಾರ ಅಚ್ಚಿನ ನೆರಳನ್ನು ಅಳಿಸಿ, ತುಂಡು ರಟ್ಟಿನಿಂದ ಸೂರನ್ನು ಮುಂದಕ್ಕೆ ಚಾಚಿ, ಬೆಳಕೇ ನೆರಳು ಮಾಡಲಿ ಅಂತ ಬಿಡುತ್ತಾನೆ. ನಮ್ಮ ಹುಡುಗ ಮೂರು ಮನೆಗಳಲ್ಲಿ ಇದನ್ನು ಸಾಧಿಸಿದ್ದಾನೆ. ಉಳಿದ ಒಂಬತ್ತರಲ್ಲಿ ಇಲ್ಲ.

ಇಷ್ಟು ಕೈಗೆಲಸದ ವಿಮರ್ಶೆ. ಈಗ ದೊಡ್ಡ ಮಾತಿಗೆ ಬರುತ್ತೇನೆ.

ಆ ದಿನ ಹುಡುಗರು ಹೋದ ಮೇಲೆ ನಾನು ಒಂದು ಮನೆಯ ಛಾವಣಿ ಎತ್ತಿದೆ. ಎತ್ತಲಿಕ್ಕೆ ಬರುವ ಹಾಗೆಯೇ ಅದನ್ನು ಮಾಡಿದ್ದ. ಹೊರಗೆ ಕಲ್ಲು, ಬಳ್ಳಿ, ಪಾಚಿ, ಬಾಗಿಲಿಗೆ ಕಬ್ಬಿಣದ ಪಟ್ಟಿ, ಎಲ್ಲಾ ಇತ್ತು. ಒಳಗೆ ಬಿಳಿ ಹಾಳೆ. ಒಲೆ ಇಲ್ಲ, ಗಡಿಗೆ ಇಲ್ಲ, ಗೂಟಕ್ಕೆ ಒಂದು ಅಂಗಿ ಇಲ್ಲ.

"ಒಳಗ ಯಾಕೋ ಏನೂ ಇಲ್ಲಲ್ಲ?" ಅಂದೆ.

"ಕಾಕಾ, ಒಳಗ ಸೈನಿಕರು ನಿಲ್ಲಬೇಕಲ್ಲ. ಸಾಮಾನ ಇಟ್ಟರ ಜಾಗಾ ಎಲ್ಲಿ ಉಳೀತದ?"

"ಹಂಗಾದ್ರ ಈ ಮನಿ ಯಾತಕ್ಕ?"

"ಆಸರಕ್ಕ. ಮನಿಯೊಳಗ ಇದ್ದವನಿಗೆ ಗುಂಡು ತಾಗೋದು ಕಡಿಮಿ. ಬೇಲಿಗಿಂತ ಕಲ್ಲಿನ ಗ್ವಾಡಿ ಆಸರ ಜಾಸ್ತಿ. ದಾಳದಾಗ ಅದರ ಲೆಕ್ಕ ಹಿಡೀತೀವಿ."

ಆಸರ! ಅವನು ಬಳಸಿದ ಆ ಶಬ್ದ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದೇ ಶಬ್ದವನ್ನು ನಮ್ಮ ಆಯಿ ಬೇರೆ ಅರ್ಥದಲ್ಲಿ ಬಳಸುತ್ತಿದ್ದಳು. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ಬಿಳಿ ಹಾಳೆಯ ದೋಷ ನಮ್ಮ ಹುಡುಗನದೊಬ್ಬನದೇ ಅಲ್ಲ. ಈ ಕಲೆಯ ದೊಡ್ಡವರಲ್ಲೂ ಅದು ಇದೆ. ಕಾಲಯಂತ್ರದ ಕಥೆ ಬರೆದ ಎಚ್. ಜಿ. ವೆಲ್ಸ್ ಇಂಥ ಆಟಗಳ ಮೇಲೆ ಎರಡು ಸಣ್ಣ ಪುಸ್ತಕ ಬರೆದ. 1911ರದು 'ಫ್ಲೋರ್ ಗೇಮ್ಸ್', 1913ರದು 'ಲಿಟಲ್ ವಾರ್ಸ್'. ಮೊದಲನೆಯದರಲ್ಲಿ ಅವನು ತನ್ನ ಇಬ್ಬರು ಗಂಡುಮಕ್ಕಳ ಜೊತೆ ನೆಲದ ಮೇಲೆ ಕಟ್ಟಿಗೆಯ ಇಟ್ಟಂಗಿಗಳಿಂದ ದ್ವೀಪಗಳನ್ನೂ ಊರುಗಳನ್ನೂ ಕಟ್ಟುತ್ತಾನೆ. ಅಲ್ಲಿ ರೈಲು ಓಡುತ್ತದೆ, ಅಂಗಡಿ ತೆರೆಯುತ್ತದೆ, ಊರಿಗೆ ಮೇಯರು ಇರುತ್ತಾನೆ. ಎರಡು ವರ್ಷದ ನಂತರದ ಪುಸ್ತಕದಲ್ಲಿ ಅದೇ ನೆಲ, ಅದೇ ಆಟದ ಸಾಮಾನು, ಆದರೆ ಸ್ಪ್ರಿಂಗಿನ ತೋಪು ಬಂದಿದೆ. ಅದು ಕಟ್ಟಿಗೆಯ ಚೂರನ್ನು ಹಾರಿಸಿ ಎದುರಿನ ಸೈನಿಕರನ್ನು ಕೆಡವುತ್ತದೆ. ಮೇಯರು ಎಲ್ಲಿ ಹೋದ, ಅಂಗಡಿಯವನು ಎಲ್ಲಿ ಹೋದ, ಪುಸ್ತಕ ಹೇಳುವುದಿಲ್ಲ. ಹನ್ನೆರಡರಿಂದ ನೂರೈವತ್ತು ವರ್ಷದ ಹುಡುಗರಿಗೆ, ಮತ್ತು ಹುಡುಗರ ಆಟ ಇಷ್ಟಪಡುವ ಹೆಚ್ಚು ಜಾಣ ಹುಡುಗಿಯರಿಗೆ ಅಂತ ಪುಸ್ತಕದ ಹೆಸರಿನಲ್ಲೇ ಒಂದು ಚೇಷ್ಟೆಯ ಮಾತು ಬೇರೆ ಸೇರಿಸಿದ್ದಾನೆ. ನಮ್ಮ ವಾಚನಾಲಯಕ್ಕೆ ಬರುವ ಹುಡುಗಿಯರು ಅದನ್ನು ಕೇಳಿದರೆ ಅವನನ್ನು ಸುಮ್ಮನೆ ಬಿಡಲಿಕ್ಕಿಲ್ಲ.

ಆದರೆ ವೆಲ್ಸನಿಗೆ ಅನ್ಯಾಯ ಮಾಡಬಾರದು. ಪುಸ್ತಕದ ಕೊನೆಗೆ ಅವನೇ ಹೇಳುತ್ತಾನೆ: ಈ ಸಣ್ಣ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ದೊಡ್ಡ ಯುದ್ಧ ಎಂಥ ಎಡವಟ್ಟಿನ ಕೆಲಸ ಅಂತ ತಿಳಿದುಬಿಡುತ್ತದೆ, ಆಡುವುದಾದರೆ ಇದನ್ನೇ ಆಡೋಣ. ಪುಸ್ತಕ ಬಂದ ಮರುವರ್ಷವೇ, 1914ರಲ್ಲಿ, ದೊಡ್ಡ ಯುದ್ಧ ಶುರುವಾಯಿತು. ಅವನ ಮಾತನ್ನು ಯಾರೂ ಕೇಳಲಿಲ್ಲ. ನನ್ನ ಅನಿಸಿಕೆ ಏನಂದ್ರ, ಆ ಮಾತು ಕೊನೆಯ ಪುಟದಲ್ಲಿ ಇದೆ, ಆಟದೊಳಗೆ ಇಲ್ಲ. ಮೇಜಿನ ಮೇಲಿನ ಮನೆಗಳಲ್ಲಿ ಜನ ಇದ್ದಿದ್ದರೆ ಅವನು ಅದನ್ನು ಬಾಯಿಬಿಟ್ಟು ಹೇಳಬೇಕಾಗುತ್ತಿರಲಿಲ್ಲ.

ಇನ್ನೊಬ್ಬನ ಕೆಲಸ ನೋಡಿರಿ. ವಿಲಿಯಂ ಸೈಬೋರ್ನ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿಗೆ ವಾಟರ್ಲೂ ಯುದ್ಧದ ಮಾದರಿಯೊಂದನ್ನು ಮಾಡಲು 1830ರಲ್ಲಿ ಹೇಳಿದರು. ಯುದ್ಧ ಆದದ್ದು 1815ರ ಜೂನ್ 18ಕ್ಕೆ. ಅವನು ಆ ಬಯಲಿಗೇ ಹೋಗಿ ಲಾ ಹೇ ಸ್ಯಾಂತ್ ಎಂಬ ಒಕ್ಕಲುಮನೆಯಲ್ಲಿ ಎಂಟು ತಿಂಗಳು ಉಳಿದು ನೆಲ ಅಳೆದ. ಆಮೇಲೆ ಯುದ್ಧದಲ್ಲಿದ್ದ ಅಧಿಕಾರಿಗಳಿಗೆ ಪತ್ರ ಬರೆದು ಕೇಳಿದ. ನೀವು ಎಲ್ಲಿ ನಿಂತಿದ್ದಿರಿ, ಎದುರಿಗೆ ಯಾರಿದ್ದರು ಅಂತಷ್ಟೇ ಅಲ್ಲ, ನೀವು ನಿಂತ ಹೊಲದಲ್ಲಿ ಯಾವ ಪೀಕು ಇತ್ತು ಅಂತಲೂ ಕೇಳಿದ! ಈ ಪ್ರಶ್ನೆ ಓದಿದಾಗ ನನಗೆ ಅವನ ಮೇಲೆ ಪ್ರೀತಿ ಬಂತು. ಅದು ರೈತನ ಪ್ರಶ್ನೆ. ತುಳಿದುಹೋದದ್ದು ಯಾರದೋ ಕೊಯ್ಲಿಗೆ ಬಂದ ಬೆಳೆ ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ, ಅವನ ಮಾದರಿಗಂತೂ ಅದು ಬೇಕಾಯಿತು. 1838ರಲ್ಲಿ ಲಂಡನ್ನಿನಲ್ಲಿ ಆ ಮಾದರಿಯನ್ನು ಜನರಿಗೆ ತೋರಿಸಿದರು. ಸುಮಾರು 75,000 ಪುಟಾಣಿ ಸೈನಿಕರು ಅದರ ಮೇಲಿದ್ದಾರೆ. ಇಂದಿಗೂ ಅದು ಲಂಡನ್ನಿನ ಸೈನ್ಯದ ಸಂಗ್ರಹಾಲಯದಲ್ಲಿದೆ. ಸೈಬೋರ್ನ್ ಮಾತ್ರ ಸಾಲದಲ್ಲಿ ಮುಳುಗಿದ.

ಅದೇ ಯುದ್ಧದ ಹೂಗೊಮೊಂಟ್ ಎಂಬ ದೊಡ್ಡ ಒಕ್ಕಲುಮನೆ ಈ ಆಟದವರಿಗೆಲ್ಲ ಪ್ರಿಯ. ರಟ್ಟಿನಲ್ಲಿ ಅದನ್ನು ಕಟ್ಟದ ಆಟಗಾರ ಕಡಿಮೆ ಅಂತ ನಮ್ಮ ಹುಡುಗ ಹೇಳುತ್ತಾನೆ. ಉತ್ತರದ ಬಾಗಿಲು ಮುಚ್ಚಲು ನಡೆದ ಹೋರಾಟ, ಬೆಂಕಿ ಬಿದ್ದ ಮುಖ್ಯ ಮನೆ, ಉಳಿದುಕೊಂಡ ಸಣ್ಣ ಪ್ರಾರ್ಥನಾ ಮಂದಿರ, ಎಲ್ಲಾ ಬರುತ್ತದೆ. ಆ ಮನೆ ಕಾಯಲು ಹಿಂದೆ ಉಳಿದು ನೆಲಮಾಳಿಗೆಯಲ್ಲಿ ಅಡಗಿದ್ದ ಒಬ್ಬ ತೋಟಗಾರನ ಸಂಗತಿಯನ್ನು ವಿಕ್ಟರ್ ಹ್ಯೂಗೋ 1862ರ ತನ್ನ ಕಾದಂಬರಿ 'ಲೆ ಮಿಸೆರಾಬ್ಲ್'ದಲ್ಲಿ ಹೇಳುತ್ತಾನೆ. ಸೇನಾಪತಿಗಳ ಹೆಸರಿನ ಜೊತೆಗೆ ಆ ತೋಟಗಾರನ ಹೆಸರನ್ನೂ ಬರೆದಿದ್ದಾನೆ. ಕಾದಂಬರಿಕಾರನ ಕಣ್ಣಿಗೆ ಬಿದ್ದ ಆ ಮನುಷ್ಯ ಮಾದರಿಕಾರನ ಕಣ್ಣಿಗೆ ಯಾಕೆ ಬೀಳಲಿಲ್ಲ?

ಇದನ್ನೇ ನಾನು ಈ ಕಲೆಯ ಮುಖ್ಯ ದೋಷ ಅನ್ನುತ್ತೇನೆ. ಅದರ ಪರಮಾವಧಿ ಅಂದ್ರ ಮುರಿದ ಮನೆ. ಇಡೀ ಮನೆಗಿಂತ ಹಾಳು ಮನೆ ಮಾಡುವುದರಲ್ಲಿ ಈ ಜನರಿಗೆ ಖುಷಿ ಹೆಚ್ಚು. ಸುಟ್ಟ ತೊಲೆಗೆ ಕಪ್ಪು, ಬಿದ್ದ ಗಾರೆಗೆ ಬಿಳುಪು, ಇಟ್ಟಂಗಿ ಚೂರಿಗೆ ನಿಜವಾದ ಇಟ್ಟಂಗಿಯ ಪುಡಿ. ಎಷ್ಟು ಶ್ರಮ! ಆದರೆ ಆ ಹಾಳಿನಲ್ಲಿ ಒಂದು ಒಡೆದ ಗಡಿಗೆ ಕಾಣಲಿಲ್ಲ, ಒಂದು ತೊಟ್ಟಿಲ ಕಾಲು ಕಾಣಲಿಲ್ಲ. ಮನೆ ಬಿದ್ದಿದೆ, ಆದರೆ ಯಾರದೂ ಬಿದ್ದಿಲ್ಲ.

ನಮ್ಮ ಸುತ್ತಲಿನ ಮರಾಠಿ ಊರುಗಳಲ್ಲೂ ನಮ್ಮ ಓಣಿಯಲ್ಲೂ ದೀಪಾವಳಿಗೆ ಹುಡುಗರು ಅಂಗಳದಲ್ಲಿ ಕಿಲ್ಲಾ ಕಟ್ಟುವುದು ನಿಮಗೆಲ್ಲ ಗೊತ್ತು. ಕಲ್ಲು ಪೇರಿಸಿ, ಹಳೆ ಗೋಣಿಚೀಲ ಹೊದಿಸಿ, ಕೆಸರು ಮೆತ್ತಿ, ಮೇಲೆ ಸಾಸಿವೆಯನ್ನೋ ಅಳಿವೆಯನ್ನೋ ಚೆಲ್ಲುತ್ತಾರೆ. ನಾಲ್ಕು ದಿನಕ್ಕೆ ಗುಡ್ಡಕ್ಕೆ ಹುಲ್ಲು ಬರುತ್ತದೆ. ತುದಿಯಲ್ಲಿ ಶಿವಾಜಿ ಮಹಾರಾಜರು, ಮೆಟ್ಟಿಲ ಮೇಲೆ ಮಾವಳೆಯರು. ಅಲ್ಲಿಗೆ ನಿಲ್ಲಿಸುವುದಿಲ್ಲ ನೋಡ್ರಿ. ಗುಡ್ಡದ ಕೆಳಗೆ ಒಂದು ಊರು ಇರಲೇಬೇಕು. ಬಾವಿ, ಗುಡಿ, ಎತ್ತು ಹೊಡೆಯುವ ರೈತ, ಕೊಡ ಹೊತ್ತ ಹೆಣ್ಣುಮಗಳು. ಸಂತೆಯಲ್ಲಿ ಸೈನಿಕರ ಬುಟ್ಟಿಯ ಪಕ್ಕದಲ್ಲೇ ಈ ಮಣ್ಣಿನ ಗೊಂಬೆಗಳನ್ನೂ ಮಾರುತ್ತಾರೆ. ಕಿಲ್ಲಾ ಯಾರನ್ನು ಕಾಯುತ್ತದೆ ಅಂತ ಆರನೇ ಇಯತ್ತೆಯ ಹುಡುಗನಿಗೆ ಗೊತ್ತಿದೆ. ಹಾಗಂತ ನಮ್ಮ ಹುಡುಗರು ಋಷಿಗಳೇನಲ್ಲ. ಹಬ್ಬ ಮುಗಿದ ದಿನ ಅದೇ ಕಿಲ್ಲಾದ ಹೊಟ್ಟೆಯಲ್ಲಿ ಸುತಳಿ ಬಾಂಬ್ ಇಟ್ಟು ಹಾರಿಸುವವರೂ ಇವರೇ. ಆದರೆ ಹಾರಿಸುವ ಮೊದಲು ರೈತನನ್ನೂ ಎತ್ತುಗಳನ್ನೂ ತೆಗೆದು ಬದಿಗೆ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದಿನ ವರ್ಷಕ್ಕೆ ಬೇಕಲ್ಲ ಅನ್ನುವ ಲೆಕ್ಕವೇ ಇರಲಿ, ತೆಗೆದಿಟ್ಟರಲ್ಲ.

ಇದನ್ನೆಲ್ಲ ಅಣ್ಣನ ಮಗನ ಮುಂದೆ ಹೇಳಿದೆ. ಅವನು ಸಿಟ್ಟಾಗಲಿಲ್ಲ, ವಾದ ಮಾಡಿದ. "ಕಾಕಾ, ಚದುರಂಗದಾಗ ಆನಿ ಸಾಯ್ತದ, ಕುದುರಿ ಸಾಯ್ತದ. ಅದಕ್ಕ ನೀವು ಅಳ್ತೀರೇನು? ಆಟ ಆಟನ."

ಮಾತು ಸಣ್ಣದಲ್ಲ. ಆದರೆ ಚದುರಂಗದ ಆನೆಗೆ ಯಾರೂ ಪಾಚಿ ಬಳಿಯುವುದಿಲ್ಲ. ನಿಜದ ಹಾಗೆ ಕಾಣಲಿ ಅಂತ ಹೆಂಚು ಹೆಂಚು ಕತ್ತರಿಸುವ ಕಲೆ, ಒಳಗಿನ ಪ್ರಶ್ನೆ ಬಂದಾಗ ಮಾತ್ರ 'ಇದು ಬರೇ ಆಟ' ಅಂದರೆ ಹೇಗೆ? ಅರ್ಧ ನಿಜ ಹೇಳಲು ಹೊರಟವನು ಇನ್ನರ್ಧಕ್ಕೂ ಜವಾಬ್ದಾರ. ಅವನಿಗೆ ಅಷ್ಟೇ ಹೇಳಿದೆ.

ಸಂಕ್ರಾಂತಿಗೆ ಬಂದಾಗ ಅವನು ಟೇಪು ಹಿಡಿದು ನಮ್ಮ ಹಳೆಯ ಮನೆಗೆ ಹೊಕ್ಕ. ಮಾಳಿಗೆಯ ಮನೆ ಅದು. ಅಣ್ಣನೂ ನಾನೂ ಹೊರಗೆ ಸ್ಲ್ಯಾಬಿನ ಮನೆ ಕಟ್ಟಿಕೊಂಡ ಮೇಲೆ ಬೀಗ ಹಾಕಿದ್ದು, ಹೋದ ಮಳೆಗಾಲಕ್ಕೆ ಒಂದು ಅಂಕಣ ಕುಸಿಯಿತು. ಬರುವ ಬೇಸಿಗೆಗೆ ಕೆಡವುವುದೆಂದು ಅಣ್ಣ ನಿಶ್ಚಯಿಸಿದ್ದಾನೆ, ನಾನೂ ಒಪ್ಪಿದ್ದೇನೆ. "ಯಾಕಪಾ ಅಳೀತಿ?" ಅಂದೆ. 1948ರ ಯುದ್ಧದ ಆಟ ಮಾಡುತ್ತಾನಂತೆ. ಆ ವರ್ಷ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಸೊಲ್ಲಾಪುರದಿಂದ ಹೊರಟು ಮೊದಲ ದಿನವೇ ನಳದುರ್ಗ ಹಿಡಿಯಿತು. 17ಕ್ಕೆ ನಿಜಾಮ ಸಂಸ್ಥಾನ ಕೈಚೆಲ್ಲಿತು. ನಮ್ಮ ಗಡಿಯ ಬದಿಯಲ್ಲೇ ಹಾದುಹೋದ ಯುದ್ಧ ಅದು. ಯುರೋಪಿನ ಮನೆ ಬಿಟ್ಟು ನಮ್ಮ ಕಡೆಯ ಮಾಳಿಗೆ ಮನೆ ಬೇಕಾಯಿತು ಅವನಿಗೆ.

ಸುಳ್ಳು ಯಾಕೆ ಹೇಳಲಿ, ನನಗೆ ಕಸಿವಿಸಿಯಾಯಿತು. ಆ ವರ್ಷದ ಗದ್ದಲದಲ್ಲಿ ಗಡಿಯಾಚೆಯಿಂದ ಜನ ರಾತ್ರೋರಾತ್ರಿ ಜೋಳದ ಹೊಲದೊಳಗೆ ಹಾದು ನಮ್ಮೂರಿಗೆ ಬಂದರು. ನಮ್ಮ ಪಡಸಾಲೆಯಲ್ಲಿ ಇಪ್ಪತ್ತು ದಿನ ಉಳಿದವರನ್ನು ಆಯಿ ಬೆರಳು ಮಡಿಚಿ ಎಣಿಸುತ್ತಿದ್ದಳು. ಎಷ್ಟು ಗಂಡಸರು ಅಂತ ಎಣಿಸುತ್ತಿರಲಿಲ್ಲ, ಎಷ್ಟು ರೊಟ್ಟಿ ಅಂತ ಎಣಿಸುತ್ತಿದ್ದಳು. "ಮನಿ ಅಂದ್ರ ಆಸರ. ಆಸರ ಆಗಲಿಲ್ಲಂದ್ರ ಅದು ಬರೇ ಗ್ವಾಡಿ" ಅನ್ನುತ್ತಿದ್ದಳು. ಆ ಮನೆಯನ್ನು ಗುಂಡಿನ ಲೆಕ್ಕಕ್ಕೆ ಮೇಜಿನ ಮೇಲೆ ಇಡಬೇಕೇನು?

ಬೇಡ ಅನ್ನಲು ಬಾಯಿ ಬರಲಿಲ್ಲ. ಮನೆ ಹೇಗೂ ಉಳಿಯುವುದಿಲ್ಲ. "ಅಳಿ. ಆದ್ರ ಒಳಗಿಂದೂ ಅಳಿ" ಅಂದೆ.

ಯುಗಾದಿಗೆ ತಂದ. ಈಗ ಆ ಮನೆಯ ವಿಮರ್ಶೆ ಕೇಳಿರಿ, ದಾಕ್ಷಿಣ್ಯ ಮಾಡುವುದಿಲ್ಲ.

ಅಳತೆ ಸರಿ ಇದೆ. ಅವನ ಸೈನಿಕ 28 ಮಿಲಿಮೀಟರ್. ಆ ಲೆಕ್ಕಕ್ಕೆ 56ರಲ್ಲಿ ಒಂದು ಪಾಲು ಹಿಡಿದಿದ್ದಾನೆ. ನಮ್ಮ 30 ಫೂಟಿನ ಮುಂಗೋಡೆ ಸುಮಾರು 16 ಸೆಂಟಿಮೀಟರ್ ಆಗಿದೆ. ಗೋಡೆಯ ದಪ್ಪವನ್ನೂ ಮರೆತಿಲ್ಲ. ಬೇರೆ ರಟ್ಟಿನ ಮನೆಗಳ ಗೋಡೆ ಒಂದು ಮಿಲಿಮೀಟರ್, ಅಂದ್ರ ನಿಜದಲ್ಲಿ ಎರಡಿಂಚು. ನಮ್ಮದು ಎರಡು ಫೂಟಿನ ಕಲ್ಲು ಮಣ್ಣಿನ ಗೋಡೆ. ಅದಕ್ಕೆ ಹತ್ತಿರ ಹತ್ತಿರ 11 ಮಿಲಿಮೀಟರ್ ಬೇಕು. ಎರಡು ರಟ್ಟಿನ ನಡುವೆ ಥರ್ಮಾಕೋಲು ಕೂರಿಸಿ ಅದನ್ನು ಸಾಧಿಸಿದ್ದಾನೆ. ಕಿಡಕಿಯ ಗೂಡು ಈಗ ಗೂಡಿನ ಹಾಗೆ ಕಾಣುತ್ತದೆ. ಬೆಳಕಿಂಡಿ ಇದೆ. ಒಳಗೆ ಬೀಸುಕಲ್ಲು, ಒಲೆ, ಗೋದಲಿ, ಹಗೇವಿನ ಬಾಯಿಗೆ ಮುಚ್ಚಿದ ಕಲ್ಲು. ಎರಡು ಎತ್ತು.

ದೋಷಗಳೂ ಇವೆ. ಮಾಳಿಗೆಯ ಮಣ್ಣಿಗೆ ಅವನು ಹಚ್ಚಿದ ಬಣ್ಣ ಸಿಮೆಂಟಿನದು. ಬಿಳಿ ಮಣ್ಣು ಬಿಸಿಲಿಗೆ ಬಿರಿದ ಬಣ್ಣ ಬೇರೆ. ಬಾಗಿಲು ಎತ್ತರವಾಗಿದೆ. ನಮ್ಮ ಬಾಗಿಲು ಐದೇ ಫೂಟು. ಅವನ ಅಳತೆಯಲ್ಲಿ 27 ಮಿಲಿಮೀಟರ್, ಸೈನಿಕನಿಗಿಂತ ಗಿಡ್ಡ. ಸೈನಿಕ ಹೊಕ್ಕಲಿ ಅಂತ ಬಾಗಿಲು ಎತ್ತರಿಸಿದ್ದಾನೆ. ತಲೆ ಬಗ್ಗಿಸದೆ ಯಾರೂ ಒಳಗೆ ಬರಬಾರದು ಅಂತಲೇ ಹಿರಿಯರು ಗಿಡ್ಡ ಇಟ್ಟ ಬಾಗಿಲದು. ಅದನ್ನು ತಿದ್ದಲು ಹೇಳಿದ್ದೇನೆ.

ಆಟದ ನಿಯಮಕ್ಕೂ ಒಂದು ಸಾಲು ಸೇರಿಸಿದೆವು. ಆ ಮನೆಯಲ್ಲಿ ಜನ ಇದ್ದಾರೆ. ಅದಕ್ಕೆ ಯಾರ ಗುಂಡು ತಾಗಿದರೂ, ಮನೆಯನ್ನು ಹಿಡಿದರೂ ಹಿಡಿಯದಿದ್ದರೂ, ಹೊಡೆದವನ ಅಂಕ ಹೋಗುತ್ತದೆ. ಒಳಗೆ ಸೈನಿಕರನ್ನು ನುಗ್ಗಿಸಿದವನದೂ ಹೋಗುತ್ತದೆ. ಪುಣೆಯಲ್ಲಿ ಗೆಳೆಯರ ಜೊತೆ ಆಡಿ ನೋಡಿದನಂತೆ. ಫೋನಿನಲ್ಲಿ ಕೇಳಿದೆ, "ಹೆಂಗಾತು?"

"ತಡಾ ಆಗ್ತದ ಕಾಕಾ. ಪ್ರತಿ ಸಲ ಯೋಚನಿ ಮಾಡಬೇಕಾಗ್ತದ. ಒಬ್ಬಂವ ಬ್ಯಾಸರಾಗಿ ಎದ್ದು ಹೋದ. ಉಳಿದವರು ಇನ್ನೊಮ್ಮೆ ಆಡೂಣು ಅಂದ್ರು."

ಒಬ್ಬ ಎದ್ದುಹೋದ ಸಂಗತಿಯನ್ನೂ ಬರೆಯಬೇಕು, ಬರೆದಿದ್ದೇನೆ. ಈ ನಿಯಮ ಎಲ್ಲರಿಗೂ ಹಿಡಿಸುತ್ತದೆ ಅಂತ ನಾನು ಹೇಳಲಾರೆ. ಆದರೆ ಶಾಲೆಯಲ್ಲಿ ರಟ್ಟಿನ ಕೆಲಸ ಕಲಿಸುವ ಶಿಕ್ಷಕರಿಗೆ ಒಂದು ವಿನಂತಿ. ಹುಡುಗರಿಂದ ಮನೆ ಮಾಡಿಸಿರಿ, ಕಿಲ್ಲಾ ಮಾಡಿಸಿರಿ, ಯುದ್ಧವನ್ನೂ ಆಡಲಿ. ಮಾಡಿದ ಮನೆಯ ಛಾವಣಿ ಎತ್ತಲು ಬರಲಿ. ಎತ್ತಿದಾಗ ಒಳಗೆ ಒಂದು ಒಲೆ ಇರಲಿ.

ಆ ಮಾದರಿ ಈಗ ನಮ್ಮ ವಾಚನಾಲಯದ ಕಪಾಟಿನ ಮೇಲಿದೆ. ಬಂದವರು ನೋಡಿ ಹೋಗುತ್ತಾರೆ. ಹೋದ ತಿಂಗಳು ನಮ್ಮ ಓಣಿಯ ಮುದುಕಿಯೊಬ್ಬಳನ್ನು ಮೊಮ್ಮಗಳು ಕೈಹಿಡಿದು ಕರೆತಂದಳು. 1948ರಲ್ಲಿ ಏಳೆಂಟು ವರ್ಷದ ಹುಡುಗಿಯಾಗಿ ನಮ್ಮ ಪಡಸಾಲೆಯಲ್ಲಿ ಮಲಗಿದ್ದವಳು, ಮುಂದೆ ನಮ್ಮೂರಿಗೇ ಸೊಸೆಯಾಗಿ ಬಂದವಳು. ಛಾವಣಿ ಎತ್ತಿ ತೋರಿಸಿದೆ. ಕಣ್ಣು ಸಣ್ಣ ಮಾಡಿ ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳಿಟ್ಟಳು.

"ಒಲಿ ಈ ಮೂಲ್ಯಾಗ ಇರಲಿಲ್ಲೋ ಮಾಸ್ತರಾ. ಆ ಕಡಿ ಇತ್ತು. ಇಲ್ಲೆ ನಮ್ಮವ್ವ ಮಕ್ಕೊಂಡಿದ್ಲು."

ಒಲೆಯನ್ನು ಕಿತ್ತು ಆ ಕಡೆ ಅಂಟಿಸಿದ್ದೇವೆ.